ಜಮಖಂಡಿ–ಮುಧೋಳ ಸೀಮೆಯ ಊಳಿಗಮಾನ್ಯ ವ್ಯವಸ್ಥೆ

ಸೇವೆಗೆ ಪ್ರತಿಯಾಗಿ ಭೂಮಿಯನ್ನೋ ಭೂಮಿಯ ಆದಾಯವನ್ನೋ ಬಿಟ್ಟುಕೊಟ್ಟು, ಆ ಕೊಡುಕೊಳ್ಳುವಿಕೆಯ ಮೇಲೆಯೇ ಸೈನ್ಯ, ಕಂದಾಯ, ನ್ಯಾಯ ಮೂರನ್ನೂ ನಡೆಸುವ ಸಮಾಜರಚನೆಯನ್ನು ಊಳಿಗಮಾನ್ಯ ಪದ್ಧತಿ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದರ ಮಾದರಿ ಮಧ್ಯಯುಗದ ಇಂಗ್ಲೆಂಡು. ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರದ ರಚನೆಯೊಂದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಉಳಿದಿದ್ದು ಕೃಷ್ಣಾ–ಘಟಪ್ರಭಾ ನದಿಗಳ ನಡುವಿನ ಸೀಮೆಯಲ್ಲಿ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಸಂಸ್ಥಾನಿಕರಾಗಿದ್ದರು. ರಬಕವಿ ಸಾಂಗ್ಲಿ ಸಂಸ್ಥಾನದ ತೇರದಾಳ ಭಾಗಕ್ಕೆ ಸೇರಿತ್ತು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಖಾಲ್ಸಾ ಪ್ರದೇಶ. ಹೊರನೋಟಕ್ಕೆ ಇಲ್ಲಿಯೂ ಅರಸ, ಜಹಗೀರದಾರ, ದೇಸಾಯಿ, ಗೌಡ, ರೈತ, ಜೀತದಾಳು ಎಂಬ ಒಂದೇ ಸರಪಳಿ ಇದ್ದಂತೆ ಕಾಣುತ್ತದೆ. ದಾಖಲೆಗಳನ್ನು ಸೂಕ್ಷ್ಮವಾಗಿ ನೋಡಿದರೆ ಇದ್ದದ್ದು ಎರಡು ಶ್ರೇಣಿಗಳು. ಕತ್ತಿಯ ಸೇವೆಗೆ ಕೊಟ್ಟ ಸರಂಜಾಮಿನ ಶ್ರೇಣಿ ಮೇಲಿತ್ತು, ಊರಿನ ಸೇವೆಗೆ ನಿಂತ ವತನದ ಶ್ರೇಣಿ ಕೆಳಗಿತ್ತು. ಇಂಗ್ಲೆಂಡಿನಲ್ಲಿ ಇವೆರಡೂ ಒಬ್ಬ ಒಡೆಯನ ಕೈಯಲ್ಲಿ ಬೆಸೆದುಕೊಂಡಿದ್ದವು. ಇಲ್ಲಿ ಹಾಗೆ ಬೆಸೆಯಲಿಲ್ಲ. ಈ ಸೀಮೆಯ ಸಮಾಜ ಹೇಗೆ ನಡೆಯಿತು, ಯಾವ ಕ್ರಮದಲ್ಲಿ ಕಳಚಿಕೊಂಡಿತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ವ್ಯತ್ಯಾಸದಲ್ಲಿದೆ.

ಇಂಗ್ಲೆಂಡಿನ ಮಾದರಿ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ದೇಶದ ನೆಲವೆಲ್ಲ ತತ್ತ್ವತಃ ಅವನದಾಯಿತು. ಅದನ್ನು ಅವನು ತನ್ನ ಬ್ಯಾರನ್‌ಗಳಿಗೂ ಬಿಷಪ್ಪರಿಗೂ ಹಂಚಿದ. ಪ್ರತಿಯಾಗಿ ಅವರು ಗೊತ್ತಾದ ಸಂಖ್ಯೆಯ ನೈಟ್‌ಗಳನ್ನು, ಅಂದರೆ ಕವಚ ತೊಟ್ಟ ಕುದುರೆ ಸವಾರರನ್ನು ಒದಗಿಸಬೇಕಿತ್ತು. ಯಾರ ಬಳಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಜನ ಎಂಬುದನ್ನು 1086ರ ಡೂಮ್ಸ್‌ಡೇ ಗ್ರಂಥದಲ್ಲಿ ಬರೆಸಿದ. ಅದೇ ವರ್ಷ ಸಾಲ್ಸ್‌ಬರಿಯಲ್ಲಿ, ಬ್ಯಾರನ್‌ಗಳ ಕೈಕೆಳಗಿನ ಪ್ರಮುಖ ಭೂಹಿಡುವಳಿದಾರರಿಂದಲೂ ನೇರವಾಗಿ ತನಗೇ ನಿಷ್ಠೆಯ ಪ್ರಮಾಣ ಪಡೆದ. ಹಿಡುವಳಿದಾರ ಸತ್ತರೆ ವಾರಸುದಾರ ರಾಜನಿಗೆ ಕಾಣಿಕೆ ಕೊಟ್ಟು ಭೂಮಿ ಬಿಡಿಸಿಕೊಳ್ಳಬೇಕು, ವಾರಸುದಾರ ಎಳೆಯನಾಗಿದ್ದರೆ ಪಾಲಕತ್ವ ಒಡೆಯನದು, ವಾರಸುದಾರನೇ ಇಲ್ಲದಿದ್ದರೆ ಭೂಮಿ ಒಡೆಯನಿಗೆ ಮರಳುತ್ತದೆ. 1215ರ ಮ್ಯಾಗ್ನಾ ಕಾರ್ಟಾದ ಮೊದಲ ಕಲಮುಗಳಲ್ಲಿ ಹಲವು ಈ ಕಾಣಿಕೆ, ಪಾಲಕತ್ವಗಳ ದುರುಪಯೋಗಕ್ಕೆ ಕಡಿವಾಣ ಹಾಕಲೆಂದೇ ಹುಟ್ಟಿದವು. ಆದರೆ ಆ ವ್ಯವಸ್ಥೆಯ ನಿಜವಾದ ತಿರುಳು ಇದ್ದದ್ದು ಮ್ಯಾನರ್ ಎಂಬ ಘಟಕದಲ್ಲಿ. ಅಲ್ಲಿ ಒಡೆಯನಿಗೆ ಸ್ವಂತ ಹೊಲಗಳಿದ್ದವು. ವಿಲನ್ ಎಂದು ಕರೆಸಿಕೊಂಡ ಬಂಧಿತ ರೈತರು ವಾರದಲ್ಲಿ ಕೆಲವು ದಿನ ಆ ಹೊಲದಲ್ಲಿ ಪುಕ್ಕಟೆ ದುಡಿಯಬೇಕಿತ್ತು. ಅವರ ಜಗಳ ಬಿಡಿಸುವ ನ್ಯಾಯಾಲಯವೂ ಒಡೆಯನದೇ. ಒಡೆಯನ ಅಪ್ಪಣೆಯಿಲ್ಲದೆ ಅವರು ಊರು ಬಿಡುವಂತಿರಲಿಲ್ಲ, ಮಗಳ ಮದುವೆ ಮಾಡಿದರೆ ತೆರಿಗೆ ತೆರಬೇಕಿತ್ತು. ಹೀಗೆ ರಾಜನಿಗೆ ಸೈನಿಕನಾದವನೇ ಊರಿಗೆ ಭೂಮಾಲೀಕ, ನ್ಯಾಯಾಧೀಶ, ಆಳುಗಳ ಯಜಮಾನ, ಎಲ್ಲವೂ ಆಗಿದ್ದ.

ಕತ್ತಿಯ ಶ್ರೇಣಿ

ಕೃಷ್ಣಾ ತೀರದಲ್ಲಿ ಸೇವೆಗೆ ಭೂಮಿ ಕೊಡುವ ರೂಢಿ ಮರಾಠರಿಗಿಂತ ಬಹಳ ಹಳೆಯದು. ತೇರದಾಳದ 1123ರ ಶಾಸನದಲ್ಲಿ ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ, ಅವನ ಕೆಳಗೆ ರಟ್ಟ ಮನೆತನದ ಕಾರ್ತವೀರ್ಯ, ಅವನ ಕೆಳಗೆ ಬಸದಿ ಕಟ್ಟಿಸಿದ ಮಾಂಡಲಿಕ ಗೊಂಕ ಕಾಣಿಸುತ್ತಾರೆ. ಸಾಮಂತ, ಮಹಾಸಾಮಂತ, ಮಹಾಮಂಡಲೇಶ್ವರ ಎಂಬ ಪದವಿಗಳು, ಯುದ್ಧದಲ್ಲಿ ಮಡಿದವನ ಮನೆಗೆ ಬಿಟ್ಟ ನೆತ್ತರುಗೊಡಗೆ, ಬ್ರಾಹ್ಮಣರಿಗೆ ಬಿಟ್ಟ ಅಗ್ರಹಾರ, ದೇವರಿಗೆ ಬಿಟ್ಟ ಮಾನ್ಯ ಇವೆಲ್ಲ ಈ ನಾಡಿನ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತವೆ. ಇಂಥ ದಾನಗಳನ್ನೇ ಆಧಾರವಾಗಿಟ್ಟುಕೊಂಡು ರಾಮ್ ಶರಣ್ ಶರ್ಮಾ 1965ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಭಾರತದಲ್ಲಿಯೂ ಊಳಿಗಮಾನ್ಯ ಪದ್ಧತಿ ಇತ್ತೆಂದು ವಾದಿಸಿದರು. ಡಿ. ಡಿ. ಕೋಸಾಂಬಿಯವರು ಅದಕ್ಕೂ ಮೊದಲೇ ಮೇಲಿನಿಂದ ಇಳಿದ ಊಳಿಗಮಾನ್ಯ, ಕೆಳಗಿನಿಂದ ಬೆಳೆದ ಊಳಿಗಮಾನ್ಯ ಎಂದು ಎರಡು ಬಗೆ ಗುರುತಿಸಿದ್ದರು. ಈ ಸೀಮೆಗೆ ಶರ್ಮಾರ ಒಂದೇ ಎಳೆಯ ವಿವರಣೆಗಿಂತ ಕೋಸಾಂಬಿಯವರ ಎರಡೆಳೆಯ ನೋಟ ಹೆಚ್ಚು ಒಪ್ಪುತ್ತದೆ. ಅವರು ಹೇಳಿದ ಎರಡು ಬಗೆಗಳು ಇಲ್ಲಿ ಒಂದರ ನಂತರ ಒಂದು ಬಂದು ಹೋಗದೆ, ಕೊನೆಯವರೆಗೂ ಜೊತೆಜೊತೆಯಾಗಿಯೇ ಬಾಳಿದವು.

ಮುಧೋಳದ ಘೋರ್ಪಡೆಯವರದು ಈ ಸೀಮೆಯ ಅತಿ ಹಳೆಯ ಸೈನಿಕ ಮನೆತನ. ಬಹಮನಿ ಮಂತ್ರಿ ಮಹಮೂದ್ ಗವಾನನ ಕಾಲದಲ್ಲಿ ಖೇಳಣಾ ಕೋಟೆಯ ಗೋಡೆಗೆ ಉಡವನ್ನು ಹತ್ತಿಸಿ, ಅದಕ್ಕೆ ಕಟ್ಟಿದ ಹಗ್ಗದ ನೆರವಿನಿಂದ ಕೋಟೆಯನ್ನು ಗೆದ್ದುದರಿಂದ ತಮಗೆ ಈ ಹೆಸರೂ ಮುಧೋಳದ ಜಹಗೀರಿಯೂ ಬಂದವೆಂದು ಆ ಮನೆತನದ ಸಂಪ್ರದಾಯ ಹೇಳುತ್ತದೆ. ಬಹಮನಿಗಳ ನಂತರ ಅವರು ಬಿಜಾಪುರದ ಆದಿಲ್‌ಶಾಹಿಯ ಸರದಾರರಾದರು. ಬಾಜಿ ಘೋರ್ಪಡೆ 1648ರಲ್ಲಿ ಜಿಂಜಿಯ ಬಳಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದದ್ದು ಬಿಜಾಪುರದ ಸೇವೆಯ ಭಾಗವಾಗಿ; 1664ರಲ್ಲಿ ಶಿವಾಜಿ ಮುಧೋಳದ ಮೇಲೆ ಬಿದ್ದು ಬಾಜಿಯನ್ನು ಕೊಂದದ್ದು ಆ ಸೇವೆಗೆ ತೀರಿಸಿಕೊಂಡ ಸೇಡು. ಮುಂದೆ ಇದೇ ಮನೆತನ ಪೇಶ್ವೆಯ ಸೈನ್ಯದಲ್ಲಿ ದುಡಿಯಿತು, 1819ರ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪನಿಯ ಆಶ್ರಯಕ್ಕೆ ಬಂತು. ಮುಧೋಳದ ಮೇಲಿನ ಪ್ರಭುತ್ವ ಹಲವು ಸಲ ಕೈ ಬದಲಾದರೂ ಮನೆತನ ಕದಲಲಿಲ್ಲ. ಇದನ್ನು ಕಂಡು, ಸರಂಜಾಮು ಜಹಗೀರಿಗಳು ಇಂಗ್ಲೆಂಡಿನ ಫೀಫ್‌ನಂತೆ, ಅಂದರೆ ಸೇವೆಗೆ ಪ್ರತಿಯಾಗಿ ಪಡೆದ ಹಿಡುವಳಿಯಂತೆ, ವಂಶಪಾರಂಪರ್ಯ ಸ್ವತ್ತೇ ಆಗಿದ್ದವಲ್ಲ ಎಂದು ಆಕ್ಷೇಪಿಸಬಹುದು. ಮನೆತನ ಉಳಿಯಿತು ಎಂಬುದು ನಿಜ. ಆದರೆ ಹೊಸ ಪ್ರಭು ಬಂದಾಗಲೆಲ್ಲ ಹೊಸ ಫರ್ಮಾನೋ ಸನದೋ ಬೇಕಾಯಿತು, ಹೊಸದಾಗಿ ಸೇವೆ ಸಲ್ಲಿಸಬೇಕಾಯಿತು. ಹಿಡುವಳಿ ಮುಂದುವರಿದದ್ದು ಹಕ್ಕಿನ ಬಲದಿಂದಲ್ಲ, ಮತ್ತೆ ಮತ್ತೆ ಪಡೆದ ಅನುಮತಿಯ ಬಲದಿಂದ.

ಪಟವರ್ಧನರ ಚರಿತ್ರೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಕೊಂಕಣದ ಕೋತವಡೆಯಿಂದ ಬಂದು ಇಚಲಕರಂಜಿಯ ಸರದಾರರ ಮನೆಯ ಪುರೋಹಿತರಾಗಿದ್ದ ಹರಭಟ್ಟರ ಮಕ್ಕಳು ಕತ್ತಿ ಹಿಡಿದರು. 1760ರ ದಶಕದಲ್ಲಿ, ಹೈದರಾಲಿಯ ಎದುರು ದಕ್ಷಿಣದ ಗಡಿ ಕಾಯಲು, ಪೇಶ್ವೆ ಮಾಧವರಾವ್ ಅವರಿಗೆ ಮಿರಜನ್ನು ಕೇಂದ್ರವಾಗಿಟ್ಟ ದೊಡ್ಡ ಸರಂಜಾಮನ್ನು ಬಿಟ್ಟುಕೊಟ್ಟ. ಗೊತ್ತಾದ ಸಂಖ್ಯೆಯ ಕುದುರೆ ಸವಾರರನ್ನು ಸಜ್ಜಾಗಿಡಬೇಕು, ಅದರ ಖರ್ಚಿಗೆ ಇಷ್ಟು ಊರುಗಳ ಕಂದಾಯ ಎಂಬುದು ಕರಾರು. ಮೂರನೆಯ ಮೈಸೂರು ಯುದ್ಧದಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ ಪರಶುರಾಮ ಭಾವೂ ಈ ಮನೆತನದವನೇ. ಇಂಗ್ಲೆಂಡಿನಲ್ಲಿ ನೈಟ್ ಸೇವೆಯ ಭೂಮಿ ಹಿರಿಯ ಮಗನಿಗೆ ಇಡಿಯಾಗಿ ಹೋಗುತ್ತಿತ್ತು, ಏಕೆಂದರೆ ಒಡೆದ ಭೂಮಿಯಿಂದ ಇಡೀ ಸವಾರನನ್ನು ಸಾಕಲಾಗದು. ಪಟವರ್ಧನರ ಸರಂಜಾಮು ಮಾತ್ರ ಅಣ್ಣತಮ್ಮಂದಿರ ನಡುವೆ ಒಡೆಯುತ್ತಲೇ ಹೋಯಿತು: 1801ರಲ್ಲಿ ಮಿರಜಿನಿಂದ ಸಾಂಗ್ಲಿ ಬೇರೆಯಾಯಿತು, 1811ರಲ್ಲಿ ತಾಸಗಾವಿನ ಶಾಖೆಯಿಂದ ಜಮಖಂಡಿ ಬೇರೆಯಾಯಿತು. ಹಿರಿಯ ಮಗನಿಗೇ ಪಟ್ಟ ಎಂಬ ನಿಯಮವೂ ದತ್ತಕದ ಸನದೂ ಗಟ್ಟಿಯಾದದ್ದು 1857ರ ನಂತರ, ಬ್ರಿಟಿಷರ ಕೈಯಿಂದ. ಯುರೋಪಿನ ಫೀಫ್‌ನ ಹೋಲಿಕೆ ಈ ಸಂಸ್ಥಾನಗಳಿಗೆ ಸರಿಯಾಗಿ ಒಪ್ಪುವುದು ಅವುಗಳ ಸೈನಿಕ ಕೆಲಸ ಮುಗಿದ ಮೇಲೆ ಎಂಬುದು ಇಲ್ಲಿಯ ವಿಪರ್ಯಾಸ.

ಸೈನಿಕ ಸೇವೆ ಹಣವಾಗಿ ಕರಗಿದ್ದು ಮಾತ್ರ ಎರಡೂ ಕಡೆ ಒಂದೇ ಬಗೆಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ, ವಿಶೇಷವಾಗಿ ಎರಡನೆಯ ಹೆನ್ರಿಯ ಆಳ್ವಿಕೆಯಲ್ಲಿ, ಇಂಗ್ಲೆಂಡಿನ ನೈಟ್‌ಗಳು ಯುದ್ಧಕ್ಕೆ ಹೋಗುವ ಬದಲು ಗುರಾಣಿ ತೆರಿಗೆ ಕಟ್ಟಿ ಮನೆಯಲ್ಲಿ ಉಳಿಯತೊಡಗಿದರು. ರಾಜ ಆ ಹಣದಿಂದ ಕೂಲಿ ಸೈನಿಕರನ್ನು ಕಟ್ಟಿಕೊಂಡ. ಇಲ್ಲಿ 1812ರ ಪಂಢರಪುರದ ಒಪ್ಪಂದದಲ್ಲಿ ಕಂಪನಿಯ ಪ್ರತಿನಿಧಿ ಎಲ್ಫಿನ್‌ಸ್ಟನ್ ದಕ್ಷಿಣದ ಜಹಗೀರದಾರರಿಂದ ಪೇಶ್ವೆಗೆ ಸವಾರರನ್ನು ಕೊಡುವ ಭರವಸೆ ಪಡೆದು, ಪ್ರತಿಯಾಗಿ ಅವರ ಹಿಡುವಳಿಗೆ ಕಂಪನಿಯ ಖಾತರಿ ಕೊಟ್ಟ. 1818ರಲ್ಲಿ ಪೇಶ್ವಾಯಿ ಬಿದ್ದ ಮೇಲೆ ಸವಾರರ ಅಗತ್ಯ ಕಂಪನಿಗೆ ದಿನೇ ದಿನೇ ಕಡಿಮೆಯಾಯಿತು, ಕೊನೆಗೆ ಸವಾರರ ಬದಲು ವಾರ್ಷಿಕ ಹಣ ಕಟ್ಟುವ ಏರ್ಪಾಟಾಯಿತು. ವಾರಸುದಾರನಿಲ್ಲದ ಹಿಡುವಳಿ ಒಡೆಯನಿಗೆ ಮರಳಬೇಕೆಂಬ ನಿಯಮವನ್ನೂ ಕಂಪನಿ ಕಟ್ಟುನಿಟ್ಟಾಗಿ ಬಳಸಿತು: ಜಮಖಂಡಿಯ ಸೋದರ ಶಾಖೆಯಾದ ತಾಸಗಾವು 1848ರಲ್ಲಿ ಹೀಗೆಯೇ ಮುಳುಗಿತು. ದತ್ತಕವನ್ನು ಒಪ್ಪದಿದ್ದುದೇ ನರಗುಂದದ ಬಾಬಾಸಾಹೇಬನ 1858ರ ಬಂಡಾಯಕ್ಕೆ ಮುಖ್ಯ ಕಾರಣವಾಯಿತು. ಭೂಮಿ ಚದುರಿ ಬಿದ್ದಿದ್ದ ರೀತಿಯೂ ನಾರ್ಮನ್ ಬ್ಯಾರನ್‌ಗಳನ್ನು ನೆನಪಿಸುತ್ತದೆ. ಧಾರವಾಡದ ಬಳಿಯ ಕುಂದಗೋಳ ಜಮಖಂಡಿಯದು. ತೇರದಾಳ, ಶಹಾಪುರ, ಶಿರಹಟ್ಟಿ, ಮಂಗಳವೇಢೆ ಸಾಂಗ್ಲಿಯವು. ಸಂಸ್ಥಾನಗಳ ಗಡಿಗಳು ಹೀಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಊರಿನ ಶ್ರೇಣಿ

ಇಷ್ಟು ಹೋಲಿಕೆಯಿದ್ದೂ ಊರಿನ ಮಟ್ಟಕ್ಕೆ ಇಳಿದೊಡನೆ ಚಿತ್ರ ಬದಲಾಗುತ್ತದೆ. ಮ್ಯಾನರಿನ ಒಡೆಯನ ಸ್ಥಾನದಲ್ಲಿ ಇಲ್ಲಿ ಜಹಗೀರದಾರ ಇರಲಿಲ್ಲ. ಗೌಡ, ಕುಲಕರ್ಣಿ ಇದ್ದರು. ಅವರ ಮೇಲೆ ಹಲವು ಊರುಗಳಿಗೆ ದೇಸಾಯಿ ಅಥವಾ ನಾಡಗೌಡ, ದೇಶಪಾಂಡೆ. ಕಂದಾಯ ಎತ್ತುವುದು, ಪಂಚರನ್ನು ಕೂಡಿಸಿ ನ್ಯಾಯ ಹೇಳುವುದು, ಊರ ಕಾವಲು ಗೌಡನ ಕೆಲಸ, ಲೆಕ್ಕ ಕುಲಕರ್ಣಿಯದು. ತಳವಾರ ಕಾವಲು ಕಾಯುತ್ತಿದ್ದ, ವಾಲೀಕಾರ ಸುದ್ದಿ ಮುಟ್ಟಿಸಿ ಸೀಮೆಯ ಗುರುತು ಹೇಳುತ್ತಿದ್ದ, ಶೇತಸನದಿಗಳು ಹೊಲ ಉಂಡು ಹತಾರ ಹಿಡಿಯುತ್ತಿದ್ದರು. ಬಡಿಗ, ಕಂಬಾರ, ಕುಂಬಾರ, ಹಡಪದ, ಅಗಸ, ಸಮಗಾರ, ಹೂಗಾರ, ಮಠಪತಿ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ರಾಶಿಯಿಂದ ಆಯ ಸಲ್ಲುತ್ತಿತ್ತು. ಹೀಗೆ ಸೇವೆಗೆ ನೆಲ ಅಥವಾ ಧಾನ್ಯ ಎಂಬ ಸೂತ್ರ ಊರಿನ ಕಟ್ಟಕಡೆಯ ಮನೆಯವರೆಗೂ ಇಳಿದಿತ್ತು. ಆದರೆ ವತನ ಸರಂಜಾಮಿಗಿಂತ ಗಟ್ಟಿ. ಅದು ತಂದೆಯಿಂದ ಮಗನಿಗೆ ತಾನಾಗಿ ಇಳಿಯುತ್ತಿತ್ತು, ಪಾಲಾಗುತ್ತಿತ್ತು, ಒತ್ತೆ ಬೀಳುತ್ತಿತ್ತು, ಮಾರಾಟವೂ ಆಗುತ್ತಿತ್ತು. ಅದರೊಂದಿಗೆ ಮಾನಪಾನವೂ ಬರುತ್ತಿತ್ತು: ಕಾರಹುಣ್ಣಿಮೆಯ ಕರಿಯಲ್ಲಿ, ಜಾತ್ರೆಯ ತೇರಿನ ಮುಂದೆ, ಬನ್ನಿ ಮುಡಿಯುವಾಗ ಯಾರದು ಮೊದಲು ಎಂಬ ಪ್ರಶ್ನೆಗೆ ಮನೆತನಗಳು ತಲೆಮಾರುಗಟ್ಟಲೆ ವ್ಯಾಜ್ಯ ಹೂಡಿದ ಉದಾಹರಣೆಗಳು ದಖ್ಖನಿನ ತುಂಬ ಇವೆ. ಜಹಗೀರದಾರನ ಹಕ್ಕು ಇದ್ದದ್ದು ಊರಿನ ಕಂದಾಯದ ಮೇಲೆ. ಶೇರಿ ಎನ್ನುವ ಅವನ ಸ್ವಂತ ಜಮೀನು ಕೆಲವೆಡೆ ಇದ್ದರೂ, ಮ್ಯಾನರಿನಂತೆ ಊರಿನ ಬದುಕೆಲ್ಲ ಅದರ ಸುತ್ತ ಹೆಣೆದಿರಲಿಲ್ಲ.

ಮೇಲಿನ ಶ್ರೇಣಿಯೂ ಕೆಳಗಿನ ಶ್ರೇಣಿಯೂ ಬೇರೆಬೇರೆ ಎಂಬ ಮಾತನ್ನು ಪರೀಕ್ಷಿಸಲು ಚರಿತ್ರೆಯೇ ಈ ಸೀಮೆಯಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದೆ. ಬೀಳಗಿ ಪೇಶ್ವಾಯಿ ಬಿದ್ದ ಮೇಲೆ ಬ್ರಿಟಿಷರ ನೇರ ಆಡಳಿತಕ್ಕೆ ಹೋಯಿತು. ಬಾಗಲಕೋಟೆ ತಾಲ್ಲೂಕಿನ ಪೇಟಾ, ಅಂದರೆ ಉಪವಿಭಾಗವಾಗಿ, 1864ರಿಂದ ಕಲಾದಗಿ ಜಿಲ್ಲೆಯಲ್ಲೂ 1885ರಲ್ಲಿ ಜಿಲ್ಲಾ ಕೇಂದ್ರ ಸ್ಥಳಾಂತರಗೊಂಡ ಮೇಲೆ ಬಿಜಾಪುರ ಜಿಲ್ಲೆಯಲ್ಲೂ ಇತ್ತು. ಅಲ್ಲಿ ರೈತವಾರಿ ಪದ್ಧತಿ, ಸರ್ವೆ, ಮಾಮಲೇದಾರ ಬಂದರು, ನಡುವೆ ಯಾವ ಜಹಗೀರದಾರನೂ ಇರಲಿಲ್ಲ. ಊಳಿಗಮಾನ್ಯ ಒಂದೇ ಸರಪಳಿಯಾಗಿದ್ದರೆ ಮೇಲಿನ ಕೊಂಡಿ ಕಳಚಿದ ಬೀಳಗಿಯ ಊರುಗಳು ಪಕ್ಕದ ಜಮಖಂಡಿಯ ಊರುಗಳಿಗಿಂತ ಬೇರೆಯೇ ಆಗಬೇಕಿತ್ತು. ಹಾಗಾಗಲಿಲ್ಲ. ಗೌಡಕಿ, ಕುಲಕರ್ಣಿಕಿ, ತಳವಾರಕಿ, ಆಯ ಎಲ್ಲವೂ ಎರಡೂ ಕಡೆ ಒಂದೇ ರೀತಿ ನಡೆದವು. ಬ್ರಿಟಿಷರು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯಿಂದ ವತನಗಳನ್ನು ಕಾನೂನಿನೊಳಗೇ ತಂದು ಭದ್ರಪಡಿಸಿದರು. ಇನ್ನೊಂದು ಪರೀಕ್ಷೆ ರಬಕವಿ–ಬನಹಟ್ಟಿಯದು. ಒಂದಕ್ಕೊಂದು ಅಂಟಿಕೊಂಡ ಈ ಎರಡು ನೇಕಾರ ಊರುಗಳಲ್ಲಿ ರಬಕವಿ ಸಾಂಗ್ಲಿಯದು, ಬನಹಟ್ಟಿ ಜಮಖಂಡಿಯದು. ಅರಸರು ಇಬ್ಬರಾದರೂ ಮಗ್ಗದ ಬದುಕು ಒಂದೇ. ನೇಕಾರನನ್ನು ಕಟ್ಟಿಹಾಕಿದ್ದು ಸಂಸ್ಥಾನದ ಭೂಹಕ್ಕಲ್ಲ, ನೂಲು ಕೊಟ್ಟು ಸೀರೆ ಕೊಳ್ಳುವ ಸಾವಕಾರನ ಮುಂಗಡ. ಪೇಟೆ ಬೆಳೆಸಲು ಬಯಸಿದ ಅರಸರು ವ್ಯಾಪಾರಿಗಳಿಗೂ ನೇಕಾರರಿಗೂ ಕೌಲು ಕೊಟ್ಟು, ತೆರಿಗೆ ಇಳಿಸಿ ಕರೆತರುವುದು ದಖ್ಖನಿನ ರೂಢಿಯಾಗಿತ್ತು. ಜನರನ್ನು ಕರೆಯಬೇಕಾಗಿದ್ದ ಅರಸನಿಗೆ ಅವರನ್ನು ಹಿಡಿದಿಡುವ ಹಕ್ಕು ದುರ್ಬಲವೇ.

1857ರ ಹಲಗಲಿಯ ಘಟನೆಯನ್ನೂ ಈ ಬೆಳಕಿನಲ್ಲಿ ಓದಬೇಕು. ಹಲಗಲಿ ಮುಧೋಳ ಸಂಸ್ಥಾನದ ಊರು. ಆಯುಧ ಒಪ್ಪಿಸಬೇಕೆಂಬ ಕಂಪನಿಯ ಕಾಯಿದೆಗೆ ಅಲ್ಲಿಯ ಬೇಡರು ತಲೆಬಾಗಲಿಲ್ಲ. ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಈ ಹೋರಾಟವನ್ನು ಉತ್ತರ ಕರ್ನಾಟಕದ ತುಂಬ ಹಾಡಿದರು. ಇಂಗ್ಲೆಂಡಿನಲ್ಲಿ 1181ರ ಶಾಸನವೊಂದು ಸ್ವತಂತ್ರ ಮನುಷ್ಯ ತನ್ನ ಆಸ್ತಿಗೆ ತಕ್ಕ ಆಯುಧ ಇಟ್ಟುಕೊಳ್ಳಲೇಬೇಕೆಂದು ವಿಧಿಸಿತ್ತು. ವಿಲನ್‌ಗೆ ಅದರಲ್ಲಿ ಜಾಗವಿರಲಿಲ್ಲ. ಅಲ್ಲಿ ಆಯುಧ ರಾಜನ ವ್ಯವಸ್ಥೆಯೊಳಗಿನ ಸ್ಥಾನದ ಗುರುತು. ಹಲಗಲಿಯ ಬೇಡರಿಗೆ ಆಯುಧ ಬಂದದ್ದು ಮುಧೋಳದ ಅರಸನ ಕೃಪೆಯಿಂದಲ್ಲ. ಬೇಟೆ, ಕಾವಲುಗಳ ವೃತ್ತಿಯಿಂದ, ಕುಲದ ಅಭಿಮಾನದಿಂದ ಅದು ಅವರ ಮನೆಯಲ್ಲಿತ್ತು. ಆದ್ದರಿಂದಲೇ ಸಂಸ್ಥಾನಿಕರು ಕಂಪನಿಗೆ ವಿಧೇಯರಾಗಿದ್ದರೂ ಬೇಡರು ತಮ್ಮಷ್ಟಕ್ಕೆ ತಾವೇ ಎದ್ದು ನಿಲ್ಲಲು ಸಾಧ್ಯವಾಯಿತು. ಮೇಲಿನ ಶ್ರೇಣಿ ಬಾಗಿದಾಗ ಕೆಳಗಿನದು ತಾನಾಗಿ ಬಾಗಲಿಲ್ಲ.

ಆಕ್ಷೇಪಗಳು

ಹಾಗಾದರೆ ಈ ಸೀಮೆಯ ರೈತ ಸ್ವತಂತ್ರನಾಗಿದ್ದನೇ ಎಂದು ಕೇಳುವುದು ಸಹಜ. ಭಾರತದ ರೈತ ಯುರೋಪಿನ ಬಂಧಿತ ರೈತನಿಗಿಂತ ಸ್ವತಂತ್ರನಾಗಿದ್ದನೆಂಬ ಆಧಾರದ ಮೇಲೆಯೇ ಹರಬಂಸ್ ಮುಖಿಯಾ 1981ರಲ್ಲಿ ಶರ್ಮಾರ ವಾದವನ್ನು ಪ್ರಶ್ನಿಸಿದರು. ಉಳುವ ಜಾತಿಗಳ ಮಟ್ಟಿಗೆ ಆ ಮಾತು ಬಹುಪಾಲು ನಿಲ್ಲುತ್ತದೆ: ತೆರಿಗೆ ಹೆಚ್ಚಾದರೆ, ಬರ ಬಿದ್ದರೆ ಒಕ್ಕಲು ಊರು ಬಿಟ್ಟು ಇನ್ನೊಬ್ಬನ ಸೀಮೆಗೆ ಹೋಗುತ್ತಿತ್ತು, ಇನ್ನೊಬ್ಬ ಕೌಲು ಕೊಟ್ಟು ಕರೆಯುತ್ತಿದ್ದ. ಆದರೆ ಹೊಲೆಯ, ಮಾದರ ಕೇರಿಗಳಿಗೆ ಈ ಮಾತು ಸಲ್ಲದು. ಬಿಟ್ಟಿ ಕೆಲಸ, ಸತ್ತ ದನ ಎಳೆಯುವುದು, ಸಾಲಕ್ಕೆ ತಲೆಯೊತ್ತೆಯಾದ ಜೀತ ಇವು ಮ್ಯಾನರಿನ ಪುಕ್ಕಟೆ ದುಡಿಮೆಗಿಂತ ಯಾವ ರೀತಿಯಲ್ಲೂ ಹಗುರವಲ್ಲ. ಒಂದು ವಿಷಯದಲ್ಲಂತೂ ಇನ್ನೂ ಭಾರ. ಇಂಗ್ಲೆಂಡಿನ ಬಂಧಿತ ರೈತ ಒಡೆಯನ ಕಣ್ಣು ತಪ್ಪಿಸಿ ಸನದು ಪಡೆದ ಪಟ್ಟಣವೊಂದರಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದರೆ ಸ್ವತಂತ್ರನಾಗಬಹುದೆಂಬ ರೂಢಿಯಿತ್ತು. ಹಲಗಲಿಯಿಂದ ಬನಹಟ್ಟಿಗೆ ಹೋದ ಅಸ್ಪೃಶ್ಯನಿಗೆ ಅಂಥ ಬಿಡುಗಡೆಯಿಲ್ಲ, ಏಕೆಂದರೆ ಅವನನ್ನು ಕಟ್ಟಿದ್ದು ಒಡೆಯನ ನ್ಯಾಯಾಲಯವಲ್ಲ, ಹುಟ್ಟು. ಕೆಳವರ್ಗದ ವತನವೂ ಇದೇ ಬಗೆಯ ಬೇಡಿ ಎಂದು ಕಂಡವರು ಡಾ. ಬಿ. ಆರ್. ಅಂಬೇಡ್ಕರ್; 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ಕಾಯಿದೆಗೆ ತಿದ್ದುಪಡಿ ತರಲು ಅವರು ಮಸೂದೆ ಮಂಡಿಸಿದ್ದು ಮಹಾರರನ್ನು ಅದರಿಂದ ಬಿಡಿಸಲೆಂದು. ಹೀಗೆ ಒಡೆಯ ಸಡಿಲವಾಗಿದ್ದಲ್ಲಿ ಜಾತಿ ಬಿಗಿಯಾಗಿತ್ತು. ಎರಡು ಶ್ರೇಣಿಗಳು ಬೇರೆಬೇರೆಯಾಗಿದ್ದೂ ವ್ಯವಸ್ಥೆ ಕುಸಿಯದೆ ನಿಂತದ್ದಕ್ಕೆ ಇದೇ ಕಾರಣ.

ಎರಡನೆಯ ಆಕ್ಷೇಪ ಇನ್ನೂ ಮೂಲಭೂತವಾದುದು. ಎಲಿಜಬೆತ್ ಬ್ರೌನ್ 1974ರಲ್ಲಿ, ಸೂಸನ್ ರೆನಾಲ್ಡ್ಸ್ 1994ರಲ್ಲಿ ಯುರೋಪಿನ ಊಳಿಗಮಾನ್ಯವೇ ನಂತರದ ಕಾನೂನು ಪಂಡಿತರು ಕಟ್ಟಿದ ಅಚ್ಚು ಎಂದು ತೋರಿಸಿದರು. ಮೂಲದಲ್ಲೇ ಇಲ್ಲದ ಮಾದರಿಗೆ ಜಮಖಂಡಿಯನ್ನು ಹೋಲಿಸುವುದು ಯಾಕೆ? ಈ ಟೀಕೆ ಎಚ್ಚರಿಕೆಯಾಗಿ ಸರಿ, ನಿಷೇಧವಾಗಿ ಅಲ್ಲ. ಹೋಲಿಸುತ್ತಿರುವುದು ಹಣೆಪಟ್ಟಿಗಳನ್ನಲ್ಲ, ಕೆಲಸಗಳನ್ನು: ಸವಾರನನ್ನು ಸಾಕಿದವರು ಯಾರು, ವಾರಸಿಕೆಗೆ ಕಾಣಿಕೆ ಪಡೆದವರು ಯಾರು, ಊರಿನ ವ್ಯಾಜ್ಯ ಬಿಡಿಸಿದವರು ಯಾರು, ದುಡಿಯುವವನ ಮೈಮೇಲೆ ಹಕ್ಕು ಯಾರದು. ಇಂಗ್ಲೆಂಡಿನ ಒಳಗೂ ಊರಿಂದೂರಿಗೆ ಉತ್ತರ ಬದಲಾಗುತ್ತಿತ್ತು ಎಂಬುದನ್ನು ಒಪ್ಪಿಕೊಂಡರೂ, ಈ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಒಂದೇ ಉತ್ತರ ಸಿಗುವ ಊರುಗಳು ಬಹಳ. ಕೃಷ್ಣಾ ತೀರದಲ್ಲಿ ಸಿಗುವ ಉತ್ತರಗಳು ಜಹಗೀರದಾರ, ಸಾರ್ವಭೌಮ, ಗೌಡ ಮತ್ತು ಪಂಚರು, ಜಾತಿ ಮತ್ತು ಸಾಲ ಎಂದು ನಾಲ್ಕು ಕಡೆ ಚೆಲ್ಲುತ್ತವೆ.

ಕಳಚಿಕೊಂಡ ಕ್ರಮ

1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕೊನೆಯ ಅರಸ ಶಂಕರರಾವ್ ಪಟವರ್ಧನರ ದಿವಾನರಾಗಿದ್ದವರು ಸಾವಳಗಿಯ ಬಿ. ಡಿ. ಜತ್ತಿ. ಸಂಸ್ಥಾನ ಹೋದಾಗ ಗೌಡನ ಕಚೇರಿ ಬಾಗಿಲು ಮುಚ್ಚಲಿಲ್ಲ. ಅದಕ್ಕೆ ಬೇರೆಬೇರೆ ಕಾನೂನುಗಳೇ ಬೇಕಾದವು. 1948ರ ಮುಂಬಯಿ ಗೇಣಿ ಕಾಯಿದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯಿದೆ, ಆಮೇಲೆ ಇನಾಮು ಮತ್ತು ಜಹಗೀರು ರದ್ದತಿ ಕಾಯಿದೆಗಳು, ರಾಜ್ಯ ಏಕೀಕರಣದ ನಂತರ 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಹೀಗೆ ಊರಿನ ಶ್ರೇಣಿ ಒಂದೊಂದೇ ಮೆಟ್ಟಿಲು ಕಳೆದುಕೊಂಡಿತು. ಗೇಣಿ ಕಾನೂನುಗಳನ್ನು ಪರಿಶೀಲಿಸಲು ಮೈಸೂರು ಸರ್ಕಾರ 1957ರಲ್ಲಿ ನೇಮಿಸಿದ ಸಮಿತಿಗೆ ಇದೇ ಜತ್ತಿಯವರು ಅಧ್ಯಕ್ಷರು; 1961ರ ಭೂಸುಧಾರಣಾ ಕಾಯಿದೆಗೆ ಆ ವರದಿಯೇ ತಳಹದಿ. ಸಂಸ್ಥಾನವೊಂದರ ಕೊನೆಯ ದಿವಾನರೇ ಗೇಣಿದಾರನ ಹಕ್ಕಿನ ಕಾನೂನಿಗೆ ದಾರಿ ಮಾಡಿದರು. ಉಳುವವನಿಗೆ ಭೂಮಿ ಎಂಬುದು ಪೂರ್ಣ ಅರ್ಥದಲ್ಲಿ ಜಾರಿಯಾದದ್ದು 1974ರ ತಿದ್ದುಪಡಿಯಿಂದ. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ.

ಇಂಗ್ಲೆಂಡಿನ ಕ್ರಮ ಇದಕ್ಕೆ ತಿರುವುಮುರುವು. 1348–49ರ ಮಹಾಮಾರಿಯಿಂದ ದುಡಿಯುವ ಕೈಗಳು ವಿರಳವಾಗಿ, 1381ರ ರೈತ ದಂಗೆಯ ನಂತರದ ತಲೆಮಾರುಗಳಲ್ಲಿ ಮೈಯ ಬಂಧನ ಮೊದಲು ಸಡಿಲಿತು. ಸೈನಿಕ ಹಿಡುವಳಿ 1660ರಲ್ಲಿ ರದ್ದಾಯಿತು. ಮ್ಯಾನರಿನ ದಫ್ತರದಲ್ಲಿ ದಾಖಲಾಗುವ ಹಿಡುವಳಿ ಬರೀ ಕಾಗದದ ಅವಶೇಷವಾಗಿ 1926ರವರೆಗೂ ಉಳಿಯಿತು. ಅಲ್ಲಿ ಮನುಷ್ಯ ಮೊದಲು ಬಿಡುಗಡೆಯಾದ, ಕಾಗದ ಕೊನೆಗೆ. ಇಲ್ಲಿ ಸವಾರರು ಹತ್ತೊಂಬತ್ತನೆಯ ಶತಮಾನದಲ್ಲೇ ಹಣವಾದರು, ಸಿಂಹಾಸನ 1948ರಲ್ಲಿ ಹೋಯಿತು, ವತನ ಅದರ ಹಿಂದೆ, ಗೇಣಿ ಅದರ ಹಿಂದೆ, ಜೀತ ಎಲ್ಲಕ್ಕಿಂತ ಕೊನೆಗೆ. ಮೇಲಿನ ಶ್ರೇಣಿಯ ಅಳಿವು ಕೆಳಗಿನವರ ಬಿಡುಗಡೆಯಾಗದೆ ಹೋದದ್ದು ಆಡಳಿತದ ವಿಳಂಬದಿಂದಲ್ಲ. ಊರಿನ ಶ್ರೇಣಿ ಎಂದೂ ಅರಸನನ್ನು ಆಧರಿಸಿ ನಿಂತಿರಲಿಲ್ಲವಾದ್ದರಿಂದ ಅರಸನೊಂದಿಗೆ ಬೀಳುವ ಕಾರಣವೂ ಅದಕ್ಕಿರಲಿಲ್ಲ. ಆದಕಾರಣ ಜಮಖಂಡಿ–ಮುಧೋಳದ ಊಳಿಗಮಾನ್ಯದ ಚರಿತ್ರೆಯನ್ನು ಅರಮನೆಗಳ ವಿಲೀನದೊಂದಿಗೆ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಉಳಿದರ್ಧ ಗೇಣಿ ಅರ್ಜಿಗಳಲ್ಲಿ, ವತನ ಜಮೀನಿನ ಮರುಮಂಜೂರಾತಿ ಕಡತಗಳಲ್ಲಿ, ಕೇರಿಗಳ ಕೂಲಿಯ ಲೆಕ್ಕದಲ್ಲಿದೆ.